ಮಳೆಗಾಲಕ್ಕೆ ಮಾತ್ರ ಊರಿಗೆ ಬರುತ್ತಿದ್ದ ಮಕ್ಕಳು

ಗಲ್ಫಿನ ಕಥೆಯನ್ನು ನಮ್ಮ ಕರಾವಳಿಯಲ್ಲಿ ಇದುವರೆಗೂ ಗಂಡಸರ ಕಥೆಯಾಗಿಯೇ ಹೇಳಿಕೊಂಡು ಬಂದಿದ್ದೇವೆ. ಏಜೆಂಟನಿಗೆ ಕೊಟ್ಟ ದುಡ್ಡು, ಬೊಂಬಾಯಿಯ ಕೋಣೆಯಲ್ಲಿ ವೀಸಾಕ್ಕೆ ಕಾದ ತಿಂಗಳುಗಳು, ಊರಿಗೆ ಬಂದ ಡ್ರಾಫ್ಟು, ಅದರಿಂದ ಎದ್ದ ತಾರಸಿ ಮನೆ. ಇಷ್ಟು ಹೇಳಿದರೆ ಎಲ್ಲವನ್ನೂ ಹೇಳಿದ ಹಾಗೆ ಎಂದು ತಿಳಿಯುತ್ತೇವೆ. ನಾನು ಉಡುಪಿಯವಳು. 1979ರಲ್ಲಿ ಕೈಗೂಸನ್ನು ಎತ್ತಿಕೊಂಡು ಗಂಡನಿದ್ದ ಕುವೈತಿಗೆ ಹೋದೆ. ಅಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಪಾಠ ಹೇಳಿದೆ. ಆ ತರಗತಿಗಳಲ್ಲಿ ಕೂತಿದ್ದ ಮಕ್ಕಳು, ಅವರನ್ನು ಬಸ್ಸಿಗೆ ಹತ್ತಿಸಿ ಮನೆಗೆ ಓಡುತ್ತಿದ್ದ ತಾಯಂದಿರು ಗಲ್ಫಿನ ಯಾವ ಕಥೆಯಲ್ಲೂ ಕಾಣುವುದಿಲ್ಲ. ದುಡಿಯಲು ಹೋದ ಜಾಗವನ್ನು ಬದುಕುವ ಜಾಗ ಮಾಡಿದವರು ಅವರು. ಅವರ ಕಥೆಗೂ ಒಂದು ಇತಿಹಾಸವಿದೆ, ಅದು ತೈಲದ ಬೆಲೆ ಏರಿದ ಮೇಲೆ ಶುರುವಾದದ್ದೂ ಅಲ್ಲ.

ಕೊಲ್ಲಿಯ ಪಟ್ಟಣಗಳಿಗೆ ಹೋದ ಭಾರತೀಯರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಹೋಗುವುದು ಹಳೆಯ ಕ್ರಮ. ಮಸ್ಕತ್ತಿನ ಕಚ್ಛಿ ಭಾಟಿಯಾಗಳು, ಬಹರೈನಿನ ಮನಾಮಾದಲ್ಲಿದ್ದ ಸಿಂಧಿ ವರ್ತಕರು ಅಲ್ಲಿ ಗೋದಾಮು ಕಟ್ಟಿದರು, ದೇವಸ್ಥಾನ ಕಟ್ಟಿದರು, ಮುತ್ತು ಬಟ್ಟೆ ಅಕ್ಕಿಯ ವ್ಯಾಪಾರವನ್ನು ತಲೆಮಾರುಗಟ್ಟಲೆ ನಡೆಸಿದರು. ಮನೆಯೆಂಬುದು ಮಾತ್ರ ಬಹುಕಾಲ ಕಚ್ಛದಲ್ಲೋ ಥಟ್ಟಾದಲ್ಲೋ ಉಳಿದಿತ್ತು. 1862ರಲ್ಲಿ ಬ್ರಿಟಿಷ್ ಇಂಡಿಯಾ ಹಡಗು ಕಂಪನಿ ಬೊಂಬಾಯಿಯಿಂದ ಬಸ್ರಾದವರೆಗೆ ಟಪ್ಪಾಲು ಹಡಗು ಹಾಕಿತು. ಆ ದಾರಿ ಮುಂದೆ ನೂರಿಪ್ಪತ್ತು ವರ್ಷ ನಡೆಯಿತು. ಕರಾಚಿ, ಮಸ್ಕತ್ತು, ದುಬೈ, ಬಹರೈನ್, ಕುವೈತು ಎಂದು ಒಂದೊಂದೇ ಬಂದರು ಮುಟ್ಟುತ್ತ ಹೋಗುವ ದಾರಿ ಅದು. 1947ರವರೆಗೂ ಬಹರೈನು, ಕುವೈತುಗಳ ಅಂಚೆ ಕಚೇರಿ ನಡೆಸಿದ್ದು ಭಾರತದ ಅಂಚೆ ಇಲಾಖೆ. ನಮ್ಮ ಅಂಚೆಚೀಟಿಯ ಮೇಲೆಯೇ ಆ ಊರುಗಳ ಹೆಸರು ಒತ್ತಿ ಮಾರುತ್ತಿದ್ದರು. ರೂಪಾಯಿಯೂ ನಮ್ಮದೇ. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತು, 1961ರಲ್ಲಿ ಕುವೈತು ತನ್ನ ದಿನಾರನ್ನು ತಂದಿತು, 1966ರಲ್ಲಿ ನಮ್ಮ ರೂಪಾಯಿಯ ಬೆಲೆ ಇಳಿಸಿದ ಮೇಲೆ ಉಳಿದ ಹೆಚ್ಚಿನವರೂ ಒಬ್ಬೊಬ್ಬರಾಗಿ ಅದನ್ನು ಬಿಟ್ಟರು. ಹಾಗಾಗಿ ಆ ಕಾಲದಲ್ಲಿ ಹೋದವರಿಗೆ ಪರದೇಶಕ್ಕೆ ಹೋದೆವೆಂಬ ಭಾವನೆಯೇ ಅಷ್ಟಾಗಿ ಇರಲಿಲ್ಲ.

ಬಹರೈನಿನಲ್ಲಿ 1932ರಲ್ಲಿ ಎಣ್ಣೆ ಸಿಕ್ಕಿತು, ಕುವೈತಿನಲ್ಲಿ 1938ರಲ್ಲಿ. ತೈಲ ಕಂಪನಿಗಳಿಗೆ ಇಂಗ್ಲಿಷ್ ಓದುಬರಹ ಬಲ್ಲ ಗುಮಾಸ್ತರು, ಟೈಪಿಸ್ಟರು, ಸ್ಟೋರ್‌ಕೀಪರುಗಳು ಬೇಕಾದರು. ಕುವೈತಿನ ತೈಲ ಕಂಪನಿ ಅಹ್ಮದಿ ಎಂಬ ಪಟ್ಟಣವನ್ನೇ ಕಟ್ಟಿತು. ಅಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಅಧಿಕಾರಿಗಳಿಗೆ ತೋಟವಿದ್ದ ಬಂಗಲೆಗಳು ಒಂದು ಕಡೆ, ಭಾರತ ಪಾಕಿಸ್ತಾನದ ಗುಮಾಸ್ತರಿಗೂ ಕುಶಲಕರ್ಮಿಗಳಿಗೂ ಇನ್ನೊಂದು ಕಡೆ, ಅರಬ್ ಕೂಲಿಗಳಿಗೆ ಮತ್ತೊಂದು ಕಡೆ. ಯಾರ ಮಗು ಯಾವ ಬೀದಿಯಲ್ಲಿ ಆಡಬೇಕು ಎಂಬುದನ್ನು ಅಪ್ಪನ ಹುದ್ದೆ ಗೊತ್ತುಮಾಡುತ್ತಿತ್ತು. ಹೆಚ್ಚಿನ ಗುಮಾಸ್ತರಿಗೆ ಕುಟುಂಬ ತರುವ ಮಾತೇ ಇರಲಿಲ್ಲ. ಅವರಿಗೆ ಕೊಡುತ್ತಿದ್ದದ್ದು ಒಂಟಿ ಗಂಡಸರ ವಸತಿ.

ನಮ್ಮವರ ದೊಡ್ಡಮ್ಮ ಆ ಕ್ರಮ ಮುರಿದು ಹೋದ ಮೊದಲಿಗರಲ್ಲಿ ಒಬ್ಬರು. ಬಹರೈನಿನಲ್ಲಿ ಟೈಪಿಸ್ಟರಾಗಿದ್ದ ಗಂಡನ ಹತ್ತಿರ, ಇಬ್ಬರು ಸಣ್ಣ ಮಕ್ಕಳನ್ನು ಕಟ್ಟಿಕೊಂಡು, ಐವತ್ತರ ದಶಕದ ಆರಂಭದಲ್ಲಿ ಬೊಂಬಾಯಿಯಿಂದ ಹಡಗು ಹತ್ತಿದರು. ಡುಮ್ರಾ, ದ್ವಾರಕಾ, ದಾರಾ, ಡರೇಸಾ ಎಂಬ ನಾಲ್ಕು ಹಡಗುಗಳು ಆಗ ಆ ದಾರಿಯಲ್ಲಿ ಓಡುತ್ತಿದ್ದವು. ಕ್ಯಾಬಿನ್ನಿನಲ್ಲಿ ಹೋಗುವವರು ಕೆಲವೇ ಮಂದಿ, ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗುವವರೇ ಉಳಿದ ನೂರಾರು ಜನ. ದೊಡ್ಡಮ್ಮ ಕುಚ್ಚಲಕ್ಕಿಯ ಗೋಣಿ, ಹುರಿದ ಅವಲಕ್ಕಿ, ಉಪ್ಪಿನಕಾಯಿ ಭರಣಿ, ಮಕ್ಕಳಿಗೆ ಹೊಟ್ಟೆನೋವು ಬಂದರೆ ಇರಲಿ ಎಂದು ಓಮ ಮತ್ತು ಬಜೆಬೇರನ್ನು ಕಟ್ಟಿಕೊಂಡಿದ್ದರಂತೆ. ದೊಡ್ಡ ಮಗ ಓಡಿ ಹೋಗಿ ನೀರಿಗೆ ಬಿದ್ದಾನೆಂಬ ಹೆದರಿಕೆಗೆ ಅವನ ಸೊಂಟಕ್ಕೆ ಸೀರೆಯ ತುಂಡು ಕಟ್ಟಿ ಇನ್ನೊಂದು ಕೊನೆಯನ್ನು ತಮ್ಮ ಕೈಗೆ ಸುತ್ತಿಕೊಂಡು ನಿದ್ದೆ ಮಾಡುತ್ತಿದ್ದರು. "ಮಕ್ಕಳಿಗೆ ವಾಂತಿ ನಿಂತದ್ದೇ ಮಸ್ಕತ್ತಿನಲ್ಲಿ. ಇಳಿಯುವಾಗ ಹಡಗು ದೂರ ನಿಂತಿತು, ಮಗುವನ್ನು ಬೋಟಿನವನ ಕೈಗೆ ಎಸೆದ ಹಾಗೆ ಕೊಡಬೇಕು ಮಾರಾಯ್ತಿ" ಎಂದು ನನಗೆ ಹೇಳಿದ್ದರು. ಆಳವಾದ ಧಕ್ಕೆಗಳು ಬರುವ ಮೊದಲು ಕೊಲ್ಲಿಯ ಹೆಚ್ಚಿನ ಕಡೆ ಹೀಗೇ. ದುಬೈಯಲ್ಲಿ ರಶೀದ್ ಬಂದರು ಆದದ್ದು 1972ರಲ್ಲಿ.

ಆ ನಾಲ್ಕು ಹಡಗುಗಳಲ್ಲಿ ಒಂದರ ಕೊನೆಯನ್ನು ಇಲ್ಲಿ ಹೇಳಲೇಬೇಕು. 1961ರ ಏಪ್ರಿಲ್ 7ರಂದು ದಾರಾ ದುಬೈಯ ಹೊರಗೆ ಲಂಗರು ಹಾಕಿ ನಿಂತಿತ್ತು. ಬಿರುಗಾಳಿ ಎದ್ದದ್ದರಿಂದ ನಾಯಕ ಹಡಗನ್ನು ಆಳ ಸಮುದ್ರಕ್ಕೆ ಒಯ್ದ. ಬೀಳ್ಕೊಡಲು ಬಂದಿದ್ದ ನೆಂಟರೂ ದಡಕ್ಕೆ ಮರಳಲಾಗದೆ ಹಡಗಿನಲ್ಲೇ ಉಳಿದರು. 8ರ ಬೆಳಗಿನ ಜಾವ ಒಳಗೆ ಸ್ಫೋಟವಾಗಿ ಬೆಂಕಿ ಹತ್ತಿತು. ಹಡಗಿನಲ್ಲಿದ್ದ ಎಂಟುನೂರಕ್ಕೂ ಹೆಚ್ಚು ಜನರಲ್ಲಿ 238 ಮಂದಿ ತೀರಿಹೋದರು. ಎರಡು ದಿನಗಳ ನಂತರ ಎಳೆದೊಯ್ಯುವಾಗ ದಾರಾ ಮುಳುಗಿತು. ಡೆಕ್ಕಿನಲ್ಲಿ ಮಕ್ಕಳ ಜತೆ ಮಲಗಿದ್ದ ಕುಟುಂಬಗಳೂ ಅದರಲ್ಲಿದ್ದವು. ಟೈಟಾನಿಕ್ ಮುಳುಗಿದ ಕಥೆಯನ್ನು ನಮ್ಮ ಮಕ್ಕಳು ಬಾಯಿಪಾಠ ಹೇಳುತ್ತಾರೆ. ದಾರಾದ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಷ್ಟೂ ಇಲ್ಲದಿರುವುದು ನನಗೆ ಸಹಿಸಲಾಗದ ಸಂಗತಿ. ಉಳಿದವುಗಳಲ್ಲಿ ಕೊನೆಯದಾದ ದ್ವಾರಕಾ 1982ರಲ್ಲಿ ಓಡಾಟ ನಿಲ್ಲಿಸಿತು. ಆ ಹೊತ್ತಿಗೆ ಎಲ್ಲರೂ ವಿಮಾನಕ್ಕೆ ಹೊರಳಿದ್ದರು.

ಗಂಡಸಿಗೆ ಕೆಲಸ ಸಿಕ್ಕರೆ ಕುಟುಂಬ ಬಂತು ಎಂದು ಲೆಕ್ಕ ಹಾಕುತ್ತಾರೆ. ನಾನು ಕಂಡದ್ದು ಬೇರೆ: ಶಾಲೆ ಬಂದ ಮೇಲೆ ಕುಟುಂಬ ಬಂತು. ಬಹರೈನಿನಲ್ಲಿ ಭಾರತೀಯ ಶಾಲೆ ಶುರುವಾದದ್ದು 1950ರಲ್ಲಿ, ಕುವೈತಿನಲ್ಲಿ 1959ರಲ್ಲಿ, ದುಬೈಯಲ್ಲಿ 1961ರಲ್ಲಿ, ಮಸ್ಕತ್ತಿನಲ್ಲಿ 1975ರಲ್ಲಿ. ಮಗುವಿಗೆ ಐದು ವರ್ಷ ತುಂಬುವವರೆಗೆ ತಾಯಿ ಅಲ್ಲಿರಬಹುದು, ಆಮೇಲೆ ಏನು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಶಾಲೆಗಳಿಂದ. ಊರಿನ ಸಿಲೆಬಸ್, ಊರಿನ ಪರೀಕ್ಷೆ, ಊರಿಗೆ ಮರಳಿದರೆ ಯಾವ ಶಾಲೆಗೂ ಸೇರಬಹುದಾದ ಟಿಸಿ. ಬಾಡಿಗೆಯ ಮನೆಯಲ್ಲೋ ಸಣ್ಣ ಕಟ್ಟಡದಲ್ಲೋ ತೆರೆದು, ಜಾಗ ಸಾಲದೆ ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ ನಡೆಸಿದ ಶಾಲೆಗಳು ಕೊಲ್ಲಿಯಲ್ಲಿ ಎಷ್ಟೋ. ಟೀಚರುಗಳಲ್ಲಿ ಹೆಚ್ಚಿನವರು ಗಂಡನ ವೀಸಾದ ಮೇಲೆ ಬಂದ ಹೆಂಗಸರು. ಬಿ.ಎಡ್. ಇದ್ದವಳಿಗೆ ಬಂದ ವಾರದಲ್ಲೇ ಕರೆ ಬರುತ್ತಿತ್ತು. ನನಗೂ ಹಾಗೇ ಬಂತು.

1973ರಲ್ಲಿ ಅರಬ್ ದೇಶಗಳು ತೈಲ ಸರಬರಾಜನ್ನು ಬಿಗಿಹಿಡಿದವು, ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಅಲ್ಲಿಂದ ಮುಂದೆ ಕೊಲ್ಲಿಗೆ ಹೋದವರ ಕಥೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಸಂಬಳದ ಗೆರೆ. ಇಷ್ಟು ಸಂಬಳಕ್ಕಿಂತ ಕಡಿಮೆ ಇದ್ದವನು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ ಎಂಬ ನಿಯಮ. ಎಮಿರೇಟ್ಸ್‌ನಲ್ಲಿ ಅದು ಬಹಳ ಕಾಲ 4,000 ದಿರ್ಹಾಂ, ಮಾಲೀಕ ಮನೆ ಕೊಟ್ಟಿದ್ದರೆ 3,000. ಅಷ್ಟು ಸಂಬಳವಿದ್ದರೂ ಕೆಲವು ಹುದ್ದೆಗಳಿಗೆ ಮಾತ್ರ ಆ ಅವಕಾಶ. 2019ರಲ್ಲಿ ಹುದ್ದೆಯ ಷರತ್ತು ತೆಗೆದರು. ಕುವೈತಿನಲ್ಲಿ 250 ದಿನಾರ್ ಇದ್ದದ್ದು 2016ರಲ್ಲಿ 450 ಆಯಿತು, 2024ರಲ್ಲಿ 800. ಒಂದೇ ಊರಿನ, ಒಂದೇ ಶಾಲೆಯಲ್ಲಿ ಓದಿದ ಇಬ್ಬರು ಗೆಳೆಯರಲ್ಲಿ ಲೆಕ್ಕಪತ್ರ ಬರೆಯುವವನು ಮಗಳನ್ನು ದಿನಾ ಶಾಲೆಗೆ ಬಿಡುತ್ತಿದ್ದ, ಹೋಟೆಲಿನಲ್ಲಿ ದೋಸೆ ಹುಯ್ಯುವವನು ತನ್ನ ಮಗಳ ಫೋಟೋವನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ. ಇವನಿಗೂ ಮಗಳ ಮೇಲಿನ ಪ್ರೀತಿ ಅಷ್ಟೇ. ಅವರಿಬ್ಬರನ್ನು ಬೇರೆ ಮಾಡಿದ್ದು ಸಂಬಳದ ಚೀಟಿ.

ನರ್ಸುಗಳ ಕಥೆ ಇದರ ತಿರುಗಾಮುರುಗ. ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯಂಥ ಕಡೆ ತರಬೇತಾದ ಹುಡುಗಿಯರು ಕುವೈತು, ಸೌದಿ, ಒಮಾನಿನ ಆಸ್ಪತ್ರೆಗಳಿಗೆ ತಾವೇ ಹೋದರು. ಗಂಡ ಹಿಂದಿನಿಂದ ಬಂದವನು, ಕೆಲವೊಮ್ಮೆ ಬರಲಾಗದೆ ಉಳಿದವನು. ಎಮಿರೇಟ್ಸ್‌ನ 1980ರ ಕಾರ್ಮಿಕ ಕಾನೂನಿನಲ್ಲಿ ಬಾಣಂತಿಗೆ ಸಿಗುತ್ತಿದ್ದ ಸಂಬಳದ ರಜೆ 45 ದಿನ. ಅದು 60 ಆದದ್ದು 2022ರಲ್ಲಿ. ಇಂಥ ನಿಯಮಗಳಿದ್ದ ಕಾಲದಲ್ಲಿ ಮಗು ಹೆತ್ತು, ಎರಡು ತಿಂಗಳೊಳಗೆ ಅದನ್ನು ಊರಿನಲ್ಲಿ ತಾಯಿಯ ಕೈಗೆ ಒಪ್ಪಿಸಿ, ಎದೆಹಾಲು ಬತ್ತಿಸಲು ಮಾತ್ರೆ ನುಂಗಿ ಡ್ಯೂಟಿಗೆ ಮರಳಿದವರನ್ನು ನಾನು ಬಲ್ಲೆ. ನಮ್ಮ ಕಟ್ಟಡದ ಮೂರನೇ ಮಾಳಿಗೆಯಲ್ಲಿದ್ದ ಒಬ್ಬಳು ಮಗುವಿನ ದನಿಯನ್ನು ಊರಿನಿಂದ ಕ್ಯಾಸೆಟ್ಟಿನಲ್ಲಿ ತರಿಸಿಕೊಳ್ಳುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದು ಅದನ್ನು ಹಾಕಿ ಕೇಳುತ್ತ ಬಟ್ಟೆ ಒಗೆಯುತ್ತಿದ್ದಳು. ಊರಿಗೆ ಹೋದಾಗ ಮಗು ಅವಳನ್ನು ಬಿಟ್ಟು ಅಜ್ಜಿಯನ್ನೇ ಅಮ್ಮ ಎಂದು ಕರೆಯಿತು. ತ್ಯಾಗ ಎಂಬ ಮಾತನ್ನು ಗಲ್ಫಿನ ಗಂಡಸರ ಸನ್ಮಾನ ಸಭೆಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ಅದು ಮೊದಲು ಸಲ್ಲಬೇಕಾದದ್ದು ಈ ಹೆಂಗಸರಿಗೆ.

ನಮ್ಮ ಮನೆ ಕುವೈತಿನ ಸಾಲ್ಮಿಯಾದಲ್ಲಿ. ಮಗನ ಹೆಸರು ನನ್ನ ಪಾಸ್‌ಪೋರ್ಟಿನಲ್ಲೇ ಸೇರಿತ್ತು. ಆಗ ಮಕ್ಕಳಿಗೆ ಬೇರೆ ಪಾಸ್‌ಪೋರ್ಟು ಬೇಕಿರಲಿಲ್ಲ, ತಾಯಿಯದ್ದರಲ್ಲೋ ತಂದೆಯದ್ದರಲ್ಲೋ ಹೆಸರು ಬರೆಸಿದರೆ ಸಾಕು. ಅಲ್ಲಿ ಹುಟ್ಟಿದ ಮಕ್ಕಳಿಗೆ ಭಾರತದ ಪೌರತ್ವ ಬರುತ್ತಿದ್ದದ್ದು ತಂದೆಯಿಂದ ಮಾತ್ರ. ತಾಯಿ ಭಾರತೀಯಳಾಗಿದ್ದರೂ ಸಾಕು ಎಂದು ನಮ್ಮ ಕಾನೂನು ಒಪ್ಪಿದ್ದು 1992ರ ಡಿಸೆಂಬರಿನಲ್ಲಿ. ಕುವೈತಿನ ಪೌರತ್ವದ ಮಾತಂತೂ ಯಾರ ಕನಸಿನಲ್ಲೂ ಇರಲಿಲ್ಲ. 1965ರ ಜನಗಣತಿಯ ಹೊತ್ತಿಗೇ ಆ ದೇಶದಲ್ಲಿ ಹೊರಗಿನವರ ಸಂಖ್ಯೆ ಅಲ್ಲಿಯವರಿಗಿಂತ ಹೆಚ್ಚಾಗಿತ್ತು. ಹೊರಗಿನವರಲ್ಲಿ ಹೆಚ್ಚಿನವರು ಎಷ್ಟು ವರ್ಷ ಇದ್ದರೂ ಹೊರಗಿನವರಾಗಿಯೇ ಉಳಿಯುವಷ್ಟು ಬಿಗಿಯಾದ ಪೌರತ್ವ ಕಾನೂನು 1959ರಿಂದ ಇತ್ತು. ಅಲ್ಲೇ ಹುಟ್ಟಿ, ಅಲ್ಲೇ ಹಲ್ಲು ಬಂದು, ಅಲ್ಲೇ ಸೈಕಲ್ ಕಲಿತ ಮಗುವಿನ ವಾಸವೂ ಅಪ್ಪನ ಕೆಲಸದ ಪತ್ರಕ್ಕೆ ತೂಗುಬಿದ್ದಿತ್ತು.

ಆದರೂ ಆ ಬಾಲ್ಯ ಬಡವಾಗಿರಲಿಲ್ಲ. ಇರಾನಿ ಬೇಕರಿಯ ತಂದೂರಿನಿಂದ ಬಿಸಿಬಿಸಿ ಖುಬ್ಬೂಸನ್ನು ಪತ್ರಿಕೆಯಲ್ಲಿ ಸುತ್ತಿ ತರುವುದು ಮಕ್ಕಳ ಕೆಲಸ, ದಾರಿಯಲ್ಲೇ ಅರ್ಧ ಖಾಲಿ. ಸಹಕಾರಿ ಅಂಗಡಿಯಾದ ಜಮಿಯ್ಯಾದಲ್ಲಿ ಅವರಿಗೆ ಗೊತ್ತಿಲ್ಲದ ಮೂಲೆಯಿಲ್ಲ. ಪಕ್ಕದ ಮನೆಯ ಪ್ಯಾಲೆಸ್ತೀನಿ ಹುಡುಗರ ಜತೆ ಅರಬ್ಬಿ, ಕೆಳಗಿನ ಮನೆಯ ಮಲಯಾಳಿ ಹುಡುಗಿಯರ ಜತೆ ಮಲಯಾಳ, ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ತುಳು. ಕನ್ನಡಕ್ಕೆ ಜಾಗವಿರಲಿಲ್ಲ. ಎರಡನೇ ಭಾಷೆಯಾಗಿ ಶಾಲೆ ಕೊಡುತ್ತಿದ್ದದ್ದು ಹಿಂದಿ. ಅಂಚೆಯಲ್ಲಿ ಹತ್ತು ಹದಿನೈದು ದಿನ ತಡವಾಗಿ ಬರುತ್ತಿದ್ದ ಉದಯವಾಣಿಯ ತಲೆಬರಹಗಳ ಮೇಲೆ ಮಗನ ಬೆರಳು ಇಡಿಸಿ ಅಕ್ಷರ ಕಲಿಸಿದೆ. 1983ರಲ್ಲಿ ತರಂಗ ಶುರುವಾದ ಮೇಲೆ ಊರಿನಿಂದ ಬರುವವರ ಕೈಯಲ್ಲಿ ಹಳೆಯ ಸಂಚಿಕೆಗಳ ಕಟ್ಟು ತರಿಸುತ್ತಿದ್ದೆವು. ಅದು ನಾಲ್ಕೈದು ಮನೆ ಸುತ್ತಿ ಬರುವಾಗ ಮುಖಪುಟವೇ ಇರುತ್ತಿರಲಿಲ್ಲ. ಶುಕ್ರವಾರ ರಜೆಯ ದಿನ ಯಾರದಾದರೂ ಮನೆಯಲ್ಲಿ ಭಜನೆ, ಆಮೇಲೆ ನೀರ್‌ದೋಸೆ. ತೆಂಗಿನಕಾಯಿ ಸಿಕ್ಕದ ದಿನ ಡಬ್ಬಿಯ ಒಣ ತುರಿ ನೆನೆಸಿ ಚಟ್ನಿ.

ಇನ್ನು ರಜೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಒಂದು ತಲೆಮಾರಿನ ಮನಸ್ಸಿನಲ್ಲಿ ಊರಿನ ರೂಪ ಹೇಗೆ ಮೂಡಿತು ಎಂಬುದು ಇದರಲ್ಲಿದೆ. ಕೊಲ್ಲಿಯ ಭಾರತೀಯ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ತೊಡಗುತ್ತದೆ, ಬೇಸಿಗೆ ತಾಳಲಾರದೆ ಅವು ಜುಲೈ ಆಗಸ್ಟಿನಲ್ಲಿ ಎರಡು ತಿಂಗಳು ಬಾಗಿಲು ಹಾಕುತ್ತವೆ. ಅಲ್ಲಿ ಐವತ್ತು ಡಿಗ್ರಿಯ ಬಿಸಿಲು, ಇಲ್ಲಿ ಆಟಿ ತಿಂಗಳು. ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿ, ಭೂತದ ಕೋಲಗಳು ನಿಂತು ಒಂದೂವರೆ ತಿಂಗಳಾದ ಮೇಲೆ ಈ ಮಕ್ಕಳು ಬಂದಿಳಿಯುತ್ತಿದ್ದರು. ಮಾವು ಮುಗಿದಿರುತ್ತಿತ್ತು. ರಥೋತ್ಸವ, ನೇಮ, ಕಂಬಳ ಯಾವುದೂ ಇಲ್ಲ. ಆಟಿಯಲ್ಲಿ ಮದುವೆಯೂ ಇಲ್ಲ. ಚಿಕ್ಕಮ್ಮನ ಮದುವೆಯನ್ನು ಮಕ್ಕಳು ಫೋಟೋ ಆಲ್ಬಮ್ಮಿನಲ್ಲೇ ನೋಡಬೇಕು, ಇಲ್ಲವೇ ಸೋಣ ತಿಂಗಳು ಹಿಡಿದ ಮೇಲೆ ಶಾಲೆ ತೆರೆಯುವುದರೊಳಗೆ ಮುಹೂರ್ತ ಹುಡುಕಬೇಕು. ಗಲ್ಫಿನ ನೆಂಟರ ಮಕ್ಕಳ ರಜೆ ನೋಡಿ ಜೋಯಿಸರ ಹತ್ತಿರ ದಿನ ಕೇಳುವ ಕ್ರಮ ಎಷ್ಟೋ ಮನೆಗಳಲ್ಲಿ ಆಗ ಬೆಳೆಯಿತು.

ಬದಲಿಗೆ ಅವರಿಗೆ ಸಿಕ್ಕಿದ್ದು ಮಳೆ. ತುಂಬಿದ ತೋಡು, ಒಣಗದ ಚಡ್ಡಿ, ಕರೆಂಟಿಲ್ಲದ ರಾತ್ರಿ, ಪತ್ರೊಡೆ, ಹಲಸಿನ ಹಪ್ಪಳ, ಆಟಿ ಅಮಾವಾಸ್ಯೆಯ ಬೆಳಗ್ಗೆ ಬರಿಹೊಟ್ಟೆಗೆ ಕುಡಿಸುವ ಹಾಲೆ ಮರದ ಕಷಾಯ, ಅದರ ಕಹಿಗೆ ಆಮೇಲೆ ಮೆಂತೆ ಗಂಜಿ. ನನ್ನ ಮಗ ಮಳೆ ಕಂಡ ಮೊದಲ ಸಲ ಅಂಗಳದಲ್ಲಿ ಬಾಯಿ ತೆರೆದು ನಿಂತ, ಅತ್ತೆ ಹೆದರಿ ಒಳಗೆ ಎಳೆದುಕೊಂಡರು. "ಪುಳ್ಳಿಗೆ ಜ್ವರ ಬಂದರೆ ನಿನ್ನ ಗಂಡನಿಗೆ ಯಾರು ಉತ್ತರ ಹೇಳುವುದು?" ಎಂದು ನನಗೆ ಬೈದರು. ಕೊಲ್ಲಿಯಲ್ಲಿ ಬೆಳೆದ ನಮ್ಮ ಶಿಷ್ಯರು ಈಗ ಐವತ್ತರ ಹತ್ತಿರ ಬಂದಿದ್ದಾರೆ. ಊರೆಂದರೆ ನೆನಪಾಗುವುದೇನು ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಮಳೆ, ಕಪ್ಪೆಯ ಕೂಗು ಮತ್ತು ಅಜ್ಜಿಮನೆಯ ಕತ್ತಲು. ಚಳಿಗಾಲದ ರಾತ್ರಿ ಬಯಲಾಟಕ್ಕೆ ಚಾಪೆ ಹಿಡಿದು ಹೋದ ನೆನಪು ಅವರಿಗೆ ಇಲ್ಲ. ಅದರ ಕೊರತೆ ತುಂಬಲೆಂದೇ ಬಹರೈನಿನಲ್ಲಿ, ದುಬೈಯಲ್ಲಿ ಕನ್ನಡಿಗರು ಊರಿನಿಂದ ಗುರುಗಳನ್ನೂ ವೇಷಭೂಷಣವನ್ನೂ ತರಿಸಿ ಮಕ್ಕಳಿಗೆ ಹೆಜ್ಜೆ ಕಲಿಸಿದರು ಎಂದು ನಾನು ತಿಳಿದಿದ್ದೇನೆ. ಅಲ್ಲಿ ಹುಟ್ಟಿದ ಹುಡುಗಿಯೊಬ್ಬಳು ಮರುಭೂಮಿಯ ಸಭಾಂಗಣದಲ್ಲಿ ಅಭಿಮನ್ಯುವಾಗಿ ಧಿಗಿಣ ಹಾಕುವುದನ್ನು ನೋಡಿದಾಗ ನನಗೆ ಆದ ಸಂತೋಷ ದೊಡ್ಡದು.

ಹನ್ನೆರಡನೇ ತರಗತಿ ಮುಗಿದ ಕೂಡಲೆ ಆ ಬದುಕು ಮುಗಿಯುತ್ತಿತ್ತು. ಹೊರಗಿನವರ ಮಕ್ಕಳಿಗೆ ಅಲ್ಲಿ ಕಾಲೇಜು ಇರಲಿಲ್ಲವೆಂದೇ ಹೇಳಬೇಕು. ಎಮಿರೇಟ್ಸ್‌ನಲ್ಲಿ ಹದಿನೆಂಟು ತುಂಬಿದ ಮಗ, ಓದುತ್ತಿರುವನೆಂಬ ದಾಖಲೆ ಇಲ್ಲದಿದ್ದರೆ, ಅಪ್ಪನ ವೀಸಾದಿಂದ ಹೊರಗೆ. ಮದುವೆಯಾಗದ ಮಗಳು ಉಳಿಯಬಹುದಿತ್ತು. ಎಮಿರೇಟ್ಸ್ ಗಂಡುಮಕ್ಕಳ ವಯಸ್ಸನ್ನು 25ಕ್ಕೆ ಏರಿಸಿದ್ದು 2022ರಲ್ಲಷ್ಟೆ. ಹಾಗಾಗಿ ಮಂಗಳೂರು, ಮಣಿಪಾಲ, ಬೆಂಗಳೂರುಗಳ ಹಾಸ್ಟೆಲುಗಳು ಗಲ್ಫಿನ ಮಕ್ಕಳಿಂದ ತುಂಬಿದವು. ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಆಗಿತ್ತಷ್ಟೆ, ಅಲ್ಲಿ ಓದಿಸಬೇಕೆಂದೇ ಅಬುಧಾಬಿಯಲ್ಲಿ ಹೆಚ್ಚುವರಿ ಕೆಲಸ ಮಾಡಿದ ತಂದೆತಾಯಿ ಎಷ್ಟೋ ಜನ. 2000ದಲ್ಲಿ ಮಣಿಪಾಲವೂ ಪಿಲಾನಿಯ ಬಿಟ್ಸೂ ದುಬೈಯಲ್ಲೇ ಶಾಖೆ ತೆರೆದ ಮೇಲೆ ಈ ಬೀಳ್ಕೊಡುಗೆ ಸ್ವಲ್ಪ ಮುಂದೆ ಹೋಯಿತು.

1990ರ ಆಗಸ್ಟ್ 2, ಗುರುವಾರ, ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಶಾಲೆಗೆ ರಜೆಯ ಕಾಲವಾದ್ದರಿಂದ ತುಂಬ ತಾಯಂದಿರೂ ಮಕ್ಕಳೂ ಊರಲ್ಲಿದ್ದರು, ಗಂಡಸರು ಅಲ್ಲಿ. ನಾನೂ ಮಗನೂ ಉಡುಪಿಯಲ್ಲಿದ್ದೆವು. ಫೋನು ಸತ್ತಿತ್ತು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ನಮ್ಮ ಬೀದಿಯ ಗಲ್ಫ್ ಮನೆಗಳ ಹೆಂಗಸರೆಲ್ಲ ಒಂದು ರೇಡಿಯೋದ ಸುತ್ತ ಸೇರುತ್ತಿದ್ದೆವು. ಉಳಿದಿದ್ದ ಕುಟುಂಬಗಳ ಪಾಡು ಇನ್ನೂ ಕಠಿಣ. ಸಿಕ್ಕ ಕಾರು, ಬಸ್ಸು ಹಿಡಿದು ಬಸ್ರಾ, ಬಾಗ್ದಾದ್ ದಾಟಿ, ಜೋರ್ಡಾನಿನ ಗಡಿಯ ಮರಳಿನಲ್ಲಿ ಡೇರೆಗಳಲ್ಲಿ ಕಾದು, ಅಮ್ಮಾನಿನ ವಿಮಾನ ನಿಲ್ದಾಣ ಸೇರಬೇಕು. ಹಾಲಿನ ಪುಡಿಯ ಡಬ್ಬಿಗೆ ಚಿನ್ನದ ಬಳೆ ಬಿಚ್ಚಿಕೊಟ್ಟ ತಾಯಿಯನ್ನು ನನ್ನ ಗಂಡ ಆ ಡೇರೆಗಳಲ್ಲಿ ಕಂಡರು. ಆಗಸ್ಟ್ 13ರಿಂದ ಅಕ್ಟೋಬರ್ 11ರವರೆಗೆ ಏರ್ ಇಂಡಿಯಾ ಅಮ್ಮಾನಿನಿಂದ 488 ಹಾರಾಟ ನಡೆಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ನಾಗರಿಕ ವಿಮಾನಗಳಲ್ಲಿ ನಡೆದ ಅಷ್ಟು ದೊಡ್ಡ ತೆರವು ಅದಕ್ಕೆ ಮೊದಲು ಆಗಿರಲಿಲ್ಲ. ನಮ್ಮವರು ಸೆಪ್ಟೆಂಬರಿನಲ್ಲಿ ಬೊಂಬಾಯಿಗೆ ಇಳಿದು, ಅಲ್ಲಿಂದ ಬಸ್ಸಿನಲ್ಲಿ, ಒಂದು ಕೈಚೀಲದೊಡನೆ ಮನೆಗೆ ಬಂದರು.

ವಿಮಾನಗಳ ಲೆಕ್ಕ ಎಲ್ಲರೂ ಬರೆದರು, ಆ ಮೇಲೆ ಸಿನಿಮಾವೂ ಬಂತು. ಬಂದ ಮಕ್ಕಳು ಆಮೇಲೆ ಏನಾದರು ಎಂದು ಕೇಳಿದವರು ಕಡಿಮೆ. ಅರ್ಧ ವರ್ಷ ಕಳೆದ ಮೇಲೆ ಶಾಲೆ ಸೇರಬೇಕು. ಟಿಸಿ ಕೊಡಬೇಕಾದ ಶಾಲೆಗೆ ಬೀಗ. ನನ್ನ ಮಗ ಏಳನೇ ತರಗತಿ. ಗಣಿತ, ವಿಜ್ಞಾನ ನಡೆಯಿತು, ಕನ್ನಡದಲ್ಲಿ ಅವನು ಒತ್ತಕ್ಷರ ಬರೆಯಲಾಗದೆ ಅಳುತ್ತಿದ್ದ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಒಬ್ಬ ಹುಡುಗ "ನೀನು ಓಡಿ ಬಂದವನಾ?" ಎಂದು ಕೇಳಿದನಂತೆ. ಆ ವರ್ಷ ಉಡುಪಿ ಮಂಗಳೂರಿನ ಶಾಲೆಗಳಲ್ಲಿ ಅಂಥ ಮಕ್ಕಳು ಪ್ರತಿ ತರಗತಿಗೆ ಒಬ್ಬಿಬ್ಬರಾದರೂ ಇದ್ದರು. ಅವರಿಗೆ ಬಿಡುವಿನ ಹೊತ್ತಿನಲ್ಲಿ ಕಾಗುಣಿತ ಹೇಳಿಕೊಟ್ಟ ಕನ್ನಡ ಪಂಡಿತರುಗಳನ್ನು ನಾನು ಇಂದಿಗೂ ಕೈಮುಗಿದು ನೆನೆಯುತ್ತೇನೆ. ಮಗ ಹತ್ತನೇ ತರಗತಿಗೆ ಬರುವಾಗ ಕನ್ನಡದಲ್ಲಿ ಒಳ್ಳೆಯ ಅಂಕ ತೆಗೆದ.

ವಿಶ್ವಸಂಸ್ಥೆ ಪರಿಹಾರ ಆಯೋಗ ಮಾಡಿತು. ಕುವೈತು ಬಿಟ್ಟು ಬಂದವರಿಗೆ ತಲೆಗೆ 2,500 ಡಾಲರ್, ಕುಟುಂಬವಾಗಿ ಬಂದವರಿಗೆ 5,000. ಬೇರೆ ಯಾವ ಬೇಡಿಕೆಯನ್ನೂ ಇಡುವುದಿಲ್ಲವೆಂದು ಬರೆದುಕೊಟ್ಟರೆ ಅದು 4,000 ಮತ್ತು 8,000. ಆ ಅರ್ಜಿಗೆ ನಾವು ಅಲ್ಲಿ ಇದ್ದೆವೆಂಬ ಪುರಾವೆ ಬೇಕಿತ್ತು. ಗಂಡನ ಕಾಗದಗಳೆಲ್ಲ ಹೋಗಿದ್ದವು. ರಜೆಗೆ ಬರುವಾಗ ನನ್ನ ಚೀಲದಲ್ಲಿ ಹೇಗೋ ಸೇರಿಕೊಂಡಿದ್ದ ಮಗನ ಶಾಲೆಯ ಫೀಸಿನ ರಸೀದಿಗಳು, ಅವನ ಚುಚ್ಚುಮದ್ದಿನ ಕಾರ್ಡು ಆಗ ಕೆಲಸಕ್ಕೆ ಬಂದವು. ಇಡೀ ಕುಟುಂಬ ಒಂದು ದೇಶದಲ್ಲಿ ಬದುಕಿತ್ತು ಎಂದು ಹೇಳಲು ಉಳಿದಿದ್ದದ್ದು ಆ ಚಿಕ್ಕ ಕಾಗದಗಳು. ಹಣ ಕೈಗೆ ಬರಲು ವರ್ಷಗಳೇ ಹಿಡಿದವು. ನಾವು ಮತ್ತೆ ಕುವೈತಿಗೆ ಹೋಗಲಿಲ್ಲ.

ಆಮೇಲಿನ ಕಾಲದ್ದು ಬೇಗ ಹೇಳಿ ಮುಗಿಸುತ್ತೇನೆ. ಕೊಂಕಣ ರೈಲು 1998ರಲ್ಲಿ ಬಂದು ಬೊಂಬಾಯಿಯ ದಾರಿ ಸುಲಭವಾಯಿತು. 2006ರಲ್ಲಿ ಮಂಗಳೂರಿನ ಬಜ್ಪೆಯಿಂದಲೇ ದುಬೈಗೆ ವಿಮಾನ ಹಾರಿತು. ಮಕ್ಕಳನ್ನು ಕಟ್ಟಿಕೊಂಡು ಬೊಂಬಾಯಿಯಲ್ಲಿ ರಾತ್ರಿ ಕಳೆಯುವ ಪಾಡು ತಪ್ಪಿದ್ದು ಎಂಥ ನೆಮ್ಮದಿ ಎಂದು ತಾಯಂದಿರಿಗೇ ಗೊತ್ತು. ಅದೇ ದಾರಿಯಲ್ಲಿ 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಓಡುದಾರಿ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ ಉಳಿದವರು ಎಂಟು. ತೀರಿಹೋದ 158 ಜನರಲ್ಲಿ ಪುಟ್ಟ ಮಕ್ಕಳೊಡನೆ ಹೊರಟಿದ್ದ ಕುಟುಂಬಗಳು ಹಲವು. ಗುರುತು ಹಿಡಿಯಲಾಗದವರನ್ನು ಕೂಳೂರಿನ ಹತ್ತಿರ ಮಣ್ಣು ಮಾಡಿದರು. ಸೌದಿ ಅರೇಬಿಯಾ 2017ರ ಜುಲೈಯಿಂದ ಕುಟುಂಬದ ಪ್ರತಿಯೊಬ್ಬ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು, ವರ್ಷಕ್ಕೆ ನೂರರಂತೆ ಏರಿಸಿ 2020ಕ್ಕೆ 400 ಮಾಡಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದವನಿಗೆ ತಿಂಗಳಿಗೆ 1,200 ರಿಯಾಲ್. ಎಷ್ಟೋ ಮನೆಗಳಲ್ಲಿ ಆಗ ಪಾತ್ರೆ ಪಗಡೆ ಮಾರಿ, ತಾಯಿ ಮಕ್ಕಳನ್ನು ಊರಿಗೆ ಕಳಿಸಿ, ಗಂಡಸು ಮತ್ತೆ ಹಂಚಿಕೆಯ ಕೋಣೆಗೆ ಹೋದ. ನೂರು ವರ್ಷದ ಹಿಂದಿನ ಕ್ರಮಕ್ಕೇ ಮರಳಿದ ಹಾಗಾಯಿತು. ಮಗುವಿನ ಇರುವಿಕೆಗೆ ತಿಂಗಳ ಬಾಡಿಗೆ ಕಟ್ಟುವ ಆ ನಿಯಮ ಅನ್ಯಾಯದ್ದೆಂದು ನಾನು ಹೇಳಲು ಹಿಂಜರಿಯುವುದಿಲ್ಲ.

ಒಳ್ಳೆಯದೂ ಆಗಿದೆ. ದುಬೈಯಲ್ಲಿ ಕನ್ನಡ ಮಿತ್ರರು ಎಂಬ ಬಳಗ 2014ರಲ್ಲಿ ಮಕ್ಕಳಿಗೆ ಉಚಿತ ಕನ್ನಡ ಪಾಠ ಶಾಲೆ ತೆರೆಯಿತು. ರಜೆಯ ದಿನ ತಾಯಂದಿರೇ ಅಲ್ಲಿ ಅಕ್ಷರ ತಿದ್ದಿಸುತ್ತಾರೆ. ಹಳೆಯ ಪತ್ರಿಕೆಯ ಮೇಲೆ ಬೆರಳಿಡಿಸಿ ಕಲಿಸಿದ ನನ್ನಂಥವರಿಗೆ ಅದು ತಡವಾಗಿಯಾದರೂ ಬಂದ ಬಲ.

ಈ ಇತಿಹಾಸದ ದಾಖಲೆ ಎಲ್ಲಿದೆ? ಬ್ಯಾಂಕುಗಳಲ್ಲಿ ಹಣ ಬಂದ ಲೆಕ್ಕವಿದೆ. ವಲಸೆ ಕಚೇರಿಯಲ್ಲಿ ಕೆಲಸಕ್ಕೆ ಹೋದವರ ಲೆಕ್ಕವಿದೆ, ಜತೆಗೆ ಹೋದ ಮಗುವಿನದ್ದಿಲ್ಲ. ಅದು ನಮ್ಮ ಮನೆಗಳ ಅಟ್ಟದಲ್ಲಿ, ಬೀರುವಿನ ಮೇಲಿನ ಸೂಟ್‌ಕೇಸಿನಲ್ಲಿ ಇದೆ. ನೀವು ಅಲ್ಲಿದ್ದು ಬಂದ ಮನೆಯವರಾದರೆ, ಅಲ್ಲಿ ಬೆಳೆದ ಮಗುವಾದರೆ, ಮುಂದಿನ ಭಾನುವಾರ ಆ ಪೆಟ್ಟಿಗೆ ಇಳಿಸಿ. ಫೋಟೋಗಳ ಹಿಂದೆ ಯಾರು, ಯಾವ ಊರು, ಯಾವ ವರ್ಷ ಎಂದು ಬರೆಯಿರಿ. ಪ್ರಗತಿಪತ್ರ, ಹಳೆಯ ಪಾಸ್‌ಪೋರ್ಟು, ಏರೋಗ್ರಾಂ ಯಾವುದನ್ನೂ ಗುಜರಿಗೆ ಹಾಕಬೇಡಿ. ಮಗುವಿನ ದನಿಯಿರುವ ಕ್ಯಾಸೆಟ್ಟುಗಳ ಟೇಪು ಬೂಷ್ಟು ಹಿಡಿಯುವ ಮೊದಲು ಅದನ್ನು ಫೋನಿಗೆ ಇಳಿಸಿಕೊಳ್ಳಿ. ಹಡಗಿನಲ್ಲಿ ಹೋದ ಅಜ್ಜಿಯೊಬ್ಬರು ನಿಮ್ಮ ನೆಂಟರಲ್ಲಿ ಇನ್ನೂ ಇದ್ದರೆ ಈ ಮಳೆಗಾಲದಲ್ಲೇ ಹೋಗಿ ಅವರ ಮಾತನ್ನು ರೆಕಾರ್ಡು ಮಾಡಿಕೊಳ್ಳಿ. ನಮ್ಮ ದೊಡ್ಡಮ್ಮ ಈಗ ಇಲ್ಲ.